ಡ್ಯಾಮೇಜ್ ಅಸೆಸ್‌ಮೆಂಟ್ ಟೂಲ್‌ಕಿಟ್: ಬಣ್ಣ ನೋಡಿ ಮರುಳಾಗಬೇಡಿ, ಚುಕ್ಕೆ ಓದಿ

ಸುಂಟರಗಾಳಿ ಹಾದುಹೋದ ಊರಿಗೆ ಅಮೆರಿಕದ ನ್ಯಾಷನಲ್ ವೆದರ್ ಸರ್ವೀಸ್‌ನ ಸಿಬ್ಬಂದಿ ಹೋಗಿ ಮುರಿದ ಮನೆ, ಬಿದ್ದ ಮರ, ಬಾಗಿದ ಕಂಬ ಇವನ್ನೆಲ್ಲ ಒಂದೊಂದಾಗಿ ದಾಖಲಿಸುತ್ತಾರೆ. ಆ ದಾಖಲೆಯನ್ನು ನಕಾಶೆಯ ಮೇಲೆ ಯಾರು ಬೇಕಾದರೂ ನೋಡಬಹುದು. ಅದರ ಹೆಸರು ಡ್ಯಾಮೇಜ್ ಅಸೆಸ್‌ಮೆಂಟ್ ಟೂಲ್‌ಕಿಟ್, ಚುಟುಕಾಗಿ ಡ್ಯಾಟ್. ಲಾಗಿನ್ ಬೇಡ, ದುಡ್ಡು ಬೇಡ. ಈ ಹೆಸರಿನ ಜೊತೆ ‘ವ್ಯೂವರ್’ ಎಂದು ಸೇರಿಸಿ ಹುಡುಕಿದರೆ ವೆದರ್ ಸರ್ವೀಸ್‌ನ ಮಾತೃಸಂಸ್ಥೆ ನೋಆದ ಪುಟ ಸಿಗುತ್ತದೆ. ಹಾನಿಯ ಅಳತೆ ಹೇಗೆ ನಡೆಯುತ್ತದೆ ಎಂದು ತಿಳಿಯಬೇಕಾದ ಎಂಜಿನಿಯರು, ವರದಿಗಾರ, ವಿದ್ಯಾರ್ಥಿ ಯಾರಿಗಾದರೂ ಇದಕ್ಕಿಂತ ಒಳ್ಳೆಯ ಉಚಿತ ಸೇವೆ ಇಲ್ಲ ಎಂಬುದು ನಮ್ಮ ಅಭಿಪ್ರಾಯ. 5ಕ್ಕೆ 4 ಅಂಕ. ಕಳೆದ ಒಂದು ಅಂಕ ಬಣ್ಣಗಳ ಲೆಕ್ಕಕ್ಕೆ. ನಕಾಶೆಯ ಗಾಢ ಬಣ್ಣ ನೋಡಿದವರು ಅಲ್ಲಿ ಗಾಳಿ ಅಷ್ಟೇ ಇತ್ತು ಎಂದುಕೊಂಡುಬಿಡುತ್ತಾರೆ. ಹಾಗಲ್ಲ ಎಂದು ತಿಳಿಸುವ ವಿವರಣೆ ಕಣ್ಣಿಗೆ ಬೀಳುವ ಜಾಗದಲ್ಲಿಲ್ಲ.

ಪರೀಕ್ಷೆಗೆ 2021ರ ಡಿಸೆಂಬರ್ 10ರ ರಾತ್ರಿಯ ಸುಂಟರಗಾಳಿ ಸರಣಿಗಿಂತ ಒಳ್ಳೆಯ ಉದಾಹರಣೆ ಸಿಗದು. ಪಶ್ಚಿಮ ಕೆಂಟಕಿಯ ಮೇಫೀಲ್ಡ್, ಪ್ರಿನ್ಸ್‌ಟನ್, ಡಾಸನ್ ಸ್ಪ್ರಿಂಗ್ಸ್, ಬ್ರೆಮೆನ್ ಊರುಗಳನ್ನು ಒಂದೇ ಸುಂಟರಗಾಳಿ ಹೊಡೆದುಹಾಕಿತು. ಹಾದಿಯ ಉದ್ದ 165.6 ಮೈಲಿ, ಅಂದರೆ ಸುಮಾರು 266 ಕಿಲೋಮೀಟರ್. ಸತ್ತವರು 57 ಜನ. ಹಾನಿ ನೋಡಿ ಸುಂಟರಗಾಳಿಯ ಬಲವನ್ನು 0ರಿಂದ 5ರವರೆಗೆ ಅಳೆಯುವ ಇಎಫ್ ಮಾಪಕದಲ್ಲಿ ಅದರ ಶ್ರೇಣಿ ಇಎಫ್4, ಗರಿಷ್ಠ ಗಾಳಿ ಗಂಟೆಗೆ 190 ಮೈಲಿ ಎಂದು ಅಂದಾಜು. ಪುಟ ತೆರೆದ ತಕ್ಷಣ ಇದು ಕಾಣುವುದಿಲ್ಲ, ಮೊದಲು ದಿನಾಂಕದ ಫಿಲ್ಟರ್ ಹಾಕಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಮೇಫೀಲ್ಡ್‌ಗೆ ಗಾಳಿ ಬಡಿದದ್ದು ಸ್ಥಳೀಯ ಕಾಲಮಾನದಲ್ಲಿ 10ರ ರಾತ್ರಿ ಒಂಬತ್ತೂವರೆ ಸುಮಾರಿಗೆ. ದತ್ತಾಂಶ ಕೂತಿರುವುದು ಯುಟಿಸಿ ಎಂಬ ಜಾಗತಿಕ ಕಾಲಮಾನದಲ್ಲಿ, ಅಲ್ಲಿ ಆಗಲೇ 11ನೇ ತಾರೀಖಿನ ಬೆಳಗಿನ ಜಾವ ಮೂರೂವರೆ. 10ನೇ ತಾರೀಖು ಮಾತ್ರ ಆರಿಸಿದರೆ ಹಾದಿಯೇ ಮಾಯವಾಗಬಹುದು. ಹಿಂದೆ ಒಂದು ದಿನ, ಮುಂದೆ ಎರಡು ದಿನ ಸೇರಿಸಿಯೇ ಹುಡುಕಿ.

ನಕಾಶೆಯಲ್ಲಿ ಮೂರು ಪದರಗಳಿವೆ. ಗೆರೆ ಎಂದರೆ ಸುಂಟರಗಾಳಿಯ ನಡುಹಾದಿ. ಬಹುಭುಜಗಳು ಹಾನಿಯ ಹರವು. ಚುಕ್ಕೆಗಳು ಸಮೀಕ್ಷಕರು ನಿಂತು ನೋಡಿದ ಜಾಗಗಳು. ಮೊದಲು ಬಹುಭುಜದ ಪದರವನ್ನು ಆಫ್ ಮಾಡಿ. ಅದು ನೋಡಿದ ಸತ್ಯವಲ್ಲ, ಚುಕ್ಕೆಗಳ ನಡುವಿನ ಜಾಗವನ್ನು ತುಂಬಿ ಎಳೆದ ಅಂದಾಜು. ಗೆರೆ ಮತ್ತು ಚುಕ್ಕೆ ಮಾತ್ರ ಉಳಿಸಿಕೊಂಡು ಟೆನೆಸ್ಸಿಯ ಓಬಿಯನ್ ಕೌಂಟಿಗೆ ಜೂಮ್ ಮಾಡಿ. ಆ ರಾತ್ರಿಯ ಸುದ್ದಿಯಲ್ಲಿ ಆರ್ಕನ್ಸಾದಿಂದ ಕೆಂಟಕಿಯವರೆಗೆ ನಾಲ್ಕು ರಾಜ್ಯ ದಾಟಿದ ಒಂದೇ ಸುಂಟರಗಾಳಿ ಎಂದಿತ್ತು. 1925ರ ಮಾರ್ಚ್ 18ರ ಟ್ರೈ-ಸ್ಟೇಟ್ ಸುಂಟರಗಾಳಿಯ 219 ಮೈಲಿಯ ದಾಖಲೆ ಮುರಿಯಿತು ಎಂಬ ಮಾತೂ ಹಬ್ಬಿತ್ತು. ಸಮೀಕ್ಷೆ ಮುಗಿದಾಗ ಅದು ಎರಡಾಯಿತು. ಆರ್ಕನ್ಸಾದ ಮೊನೆಟ್ ಮೂಲಕ ಬಂದ, ಸುಮಾರು 81 ಮೈಲಿ ಉದ್ದದ ಇಎಫ್4 ಓಬಿಯನ್ ಕೌಂಟಿಯಲ್ಲಿ ಮುಗಿಯಿತು. ಅದೇ ಮೋಡದಿಂದ, ಅದೇ ಕೌಂಟಿಯ ವುಡ್‌ಲ್ಯಾಂಡ್ ಮಿಲ್ಸ್ ಬಳಿ, ಮೇಫೀಲ್ಡ್‌ನ ಸುಂಟರಗಾಳಿ ಹೊಸದಾಗಿ ಹುಟ್ಟಿತು. ನಡುವಿನ ಖಾಲಿ ಜಾಗ ಗೆರೆಗಳ ಪದರದಲ್ಲಿ ಕಣ್ಣಿಗೆ ಕಟ್ಟುತ್ತದೆ. ಹಾನಿ ಸಿಗದ ಜಾಗವೂ ಸಮೀಕ್ಷೆಯಲ್ಲಿ ಮಾಹಿತಿಯೇ.

ಇನ್ನು ಚುಕ್ಕೆ. ಒಂದರ ಮೇಲೆ ಕ್ಲಿಕ್ ಮಾಡಿದರೆ ಕಿಟಕಿಯೊಂದು ತೆರೆದು ಕಟ್ಟಡದ ಬಗೆ, ಹಾನಿಯ ಮಟ್ಟ, ಅಂದಾಜು ಗಾಳಿ, ಇಎಫ್ ಶ್ರೇಣಿ, ಟಿಪ್ಪಣಿ, ಇದ್ದರೆ ಫೋಟೊ ತೋರಿಸುತ್ತದೆ. ಇವುಗಳಲ್ಲಿ ಮೊದಲೆರಡೇ ಜೀವಾಳ. ಇಎಫ್ ಮಾಪಕ ಟೆಕ್ಸಸ್ ಟೆಕ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 2007ರ ಫೆಬ್ರವರಿ 1ರಿಂದ ಬಳಕೆಗೆ ಬಂದದ್ದು. ಅದರಲ್ಲಿ 28 ಬಗೆಯ ಸೂಚಕಗಳಿವೆ: ಕೊಟ್ಟಿಗೆ, ಮನೆ, ಮೊಬೈಲ್ ಹೋಮ್ (ಕಾರ್ಖಾನೆಯಲ್ಲಿ ಕಟ್ಟಿ ತಂದಿಡುವ ಮನೆ), ಶಾಲೆ, ಪೆಟ್ರೋಲ್ ಬಂಕಿನ ಮಾಡು, ಕಬ್ಬಿಣದ ಶೆಡ್, ವಿದ್ಯುತ್ ಕಂಬ, ಕೊನೆಗೆ ಎರಡು ಬಗೆಯ ಮರ. ಪ್ರತಿ ಸೂಚಕಕ್ಕೂ ಹಾನಿಯ ಮಟ್ಟಗಳ ಏಣಿ, ಪ್ರತಿ ಮೆಟ್ಟಿಲಿಗೂ ಮೂರು ಗಾಳಿ ವೇಗ: ಕನಿಷ್ಠ, ನಿರೀಕ್ಷಿತ, ಗರಿಷ್ಠ. ಎಲ್ಲವೂ 3 ಸೆಕೆಂಡಿನ ಬೀಸುಗಾಳಿಯ ಲೆಕ್ಕ.

ಸಾಮಾನ್ಯ ವಾಸದ ಮನೆಗೆ ಹತ್ತು ಮೆಟ್ಟಿಲು. ಚಾವಣಿಯ ಹೊದಿಕೆ ಶೇ. 20ಕ್ಕಿಂತ ಕಡಿಮೆ ಹೋಗಿದ್ದರೆ 2ನೇ ಮಟ್ಟ, ನಿರೀಕ್ಷಿತ ಗಾಳಿ 79 ಮೈಲಿ. ಚಾವಣಿಯ ದೊಡ್ಡ ಭಾಗ ಕಿತ್ತು ಗೋಡೆಗಳು ಬಹುತೇಕ ನಿಂತಿದ್ದರೆ 6ನೆಯದು, 122 ಮೈಲಿ. ಒಳಗಿನ ಸಣ್ಣ ಕೋಣೆಗಳು ಮಾತ್ರ ಉಳಿದಿದ್ದರೆ 8ನೆಯದು, 152. ಎಲ್ಲ ಗೋಡೆಯೂ ಬಿದ್ದರೆ 9ನೆಯದು, 170. ಬಿಗಿಯಾಗಿ ಕಟ್ಟಿದ ಮನೆ ತಳಪಾಯದ ಕಾಂಕ್ರೀಟಿನ ಮೇಲೆ ಗುಡಿಸಿದಂತೆ ಹೋಗಿದ್ದರೆ 10ನೆಯದು, 200. ಇದು ನಿರೀಕ್ಷಿತ ಮಾತ್ರ. 9ನೇ ಮಟ್ಟಕ್ಕೆ 142ರಿಂದ 198ರವರೆಗೆ, 10ಕ್ಕೆ 165ರಿಂದ 220ರವರೆಗೆ ಅವಕಾಶವಿದೆ. ಶ್ರೇಣಿಯ ಗಡಿಗಳನ್ನು ಪಕ್ಕದಲ್ಲಿಟ್ಟುಕೊಳ್ಳಿ: ಇಎಫ್3 ಎಂದರೆ 136ರಿಂದ 165, ಇಎಫ್4 ಎಂದರೆ 166ರಿಂದ 200, ಅದರ ಮೇಲೆ ಇಎಫ್5. ಎಲ್ಲ ಗೋಡೆಯೂ ಬಿದ್ದ ಎರಡು ಮನೆಗಳಲ್ಲಿ ಒಂದಕ್ಕೆ ಇಎಫ್3, ಇನ್ನೊಂದಕ್ಕೆ ಇಎಫ್4 ಬೀಳುವುದು ಹೀಗೆ. ಸಮೀಕ್ಷಕರು ಮೇಜಿನ ಮೇಲೆ ಕೂತು ಏಣಿ ಹತ್ತಿಸುವುದಿಲ್ಲ, ನೆಲಕ್ಕೆ ಬಗ್ಗಿ ನೋಡುತ್ತಾರೆ.

ಏನು ನೋಡುತ್ತಾರೆ? ಕಾಂಕ್ರೀಟ್ ಹಾಸಿನ ಅಂಚಿನಲ್ಲಿ ಗೋಡೆಯ ಕೆಳಗಿನ ಮರದ ಪಟ್ಟಿಯನ್ನು ಹಿಡಿದಿರಬೇಕಾದ ಆಂಕರ್ ಬೋಲ್ಟ್‌ಗಳನ್ನು. ಬೋಲ್ಟ್ ನೆಟ್ಟಗೆ ನಿಂತಿದೆ, ತುದಿಯಲ್ಲಿ ನಟ್ ಇಲ್ಲ, ವಾಷರ್ ಇಲ್ಲ, ಕಾಂಕ್ರೀಟಿನಲ್ಲಿ ಬಿರುಕಿಲ್ಲ ಎಂದರೆ ಪಟ್ಟಿ ಅದರಿಂದ ಸಲೀಸಾಗಿ ಜಾರಿ ಹೋಗಿದೆ ಎಂದರ್ಥ. ವೇಗವನ್ನು ಕನಿಷ್ಠದ ಕಡೆಗೆ ಎಳೆಯುತ್ತಾರೆ. ಬೋಲ್ಟ್ ಬಾಗಿದೆ, ನಟ್ ಇನ್ನೂ ಬಿಗಿಯಾಗಿದೆ, ಪಟ್ಟಿಯ ತುಂಡು ವಾಷರ್ ಕೆಳಗೆ ಕಚ್ಚಿಕೊಂಡಿದೆ ಎಂದರೆ ಮೇಲಕ್ಕೆ. ಬೋಲ್ಟೇ ಇಲ್ಲದೆ ಬರೀ ಮೊಳೆ ಹೊಡೆದಿದ್ದರೆ ಇನ್ನೂ ಕೆಳಕ್ಕೆ. ಗೋಡೆಯ ನಿಲುವುಪಟ್ಟಿಗಳು ಕೆಳಗಿನ ಪಟ್ಟಿಗೆ ಹೇಗೆ ಸೇರಿವೆ ಎಂಬುದೂ ಲೆಕ್ಕಕ್ಕೆ ಬರುತ್ತದೆ, ಪಟ್ಟಿ ಗಟ್ಟಿಯಾಗಿ ಉಳಿದು ಅದರ ಮೇಲಿನ ಗೋಡೆ ಮಾತ್ರ ಮೊಳೆ ಸಮೇತ ಕಿತ್ತುಹೋದ ಮನೆಗಳು ಬೇಕಾದಷ್ಟಿವೆ. 2014ರ ಏಪ್ರಿಲ್ 27ರಂದು ಆರ್ಕನ್ಸಾದ ವಿಲೋನಿಯಾದಲ್ಲಿ ಗುಡಿಸಿ ಹೋದ ಮನೆಗಳಿದ್ದೂ ಶ್ರೇಣಿ ಇಎಫ್4ಕ್ಕೆ ನಿಂತದ್ದು ಇಂಥದೇ ನಟ್-ವಾಷರ್ ತಕರಾರಿನಿಂದ. ಅದರ ಬಗ್ಗೆ ಈಗಲೂ ಜಗಳವಿದೆ. ಚುಕ್ಕೆಯ ಟಿಪ್ಪಣಿಯಲ್ಲಿ ಇಷ್ಟು ವಿವರ ಬರೆದಿದ್ದರೆ ಆ ಚುಕ್ಕೆ ಚಿನ್ನ. ಬರೀ ‘ಎಲ್ಲ ಗೋಡೆ ಬಿದ್ದಿದೆ’ ಎಂದಿದ್ದರೆ ಫೋಟೊ ದೊಡ್ಡದು ಮಾಡಿ ಹಾಸಿನ ಅಂಚನ್ನು ನೀವೇ ಹುಡುಕಬೇಕು. ಎಲ್ಲ ಚುಕ್ಕೆಗೂ ಫೋಟೊ ಇರುವುದಿಲ್ಲ, ಇದೊಂದು ಕೊರತೆಯೇ.

ಬಣ್ಣಕ್ಕೆ ಮರುಳಾಗಬಾರದು ಎನ್ನುವುದಕ್ಕೆ ಇನ್ನೂ ದೊಡ್ಡ ಕಾರಣ ಪ್ರತಿ ಸೂಚಕಕ್ಕೂ ಇರುವ ಮೇಲ್ಮಿತಿ. ಸಿಂಗಲ್-ವೈಡ್, ಅಂದರೆ ಒಂದೇ ಭಾಗದ ಮೊಬೈಲ್ ಹೋಮ್ ಚೂರುಚೂರಾಗಿ ಹಾರಿಹೋದರೂ ನಿರೀಕ್ಷಿತ ವೇಗ 127 ಮೈಲಿ, ಗರಿಷ್ಠ 148. ಅದು ಎಂದಿಗೂ ಇಎಫ್4 ತೋರಿಸಲಾರದು. ಲೋಹದ ಚೌಕಟ್ಟಿನ ಶೆಡ್ಡು ಸಂಪೂರ್ಣ ನೆಲಸಮವಾದರೆ ನಿರೀಕ್ಷಿತ 155, ಗರಿಷ್ಠ 178. ಅಗಲ ಎಲೆಯ ಮರ ತೊಗಟೆ ಸುಲಿದು ಬೊಡ್ಡೆಯಂತೆ ನಿಂತರೂ ನಿರೀಕ್ಷಿತ 143, ಗರಿಷ್ಠ 167. ಮೇಫೀಲ್ಡ್‌ನಲ್ಲಿ ರಾತ್ರಿ ಪಾಳಿ ನಡೆಯುತ್ತಿದ್ದ ಮೇಣದಬತ್ತಿ ಕಾರ್ಖಾನೆ ಕುಸಿದು 9 ಜನ ಸತ್ತರು. ಅಲ್ಲಿ ಗಾಳಿ ಎಷ್ಟಿತ್ತು ಎಂದು ಆ ಕಟ್ಟಡವೊಂದೇ ಹೇಳಲಾರದು, ಸುತ್ತಲಿನ ಚುಕ್ಕೆಗಳನ್ನೂ ಓದಬೇಕು. ಪೇಟೆಬೀದಿಯ ಹಳೇ ಇಟ್ಟಿಗೆ ಕಟ್ಟಡಗಳದ್ದೂ ಅದೇ ಪಾಡು. ಒಳಗೆ ಕಬ್ಬಿಣವಿಲ್ಲದ ಇಟ್ಟಿಗೆ ಗೋಡೆ ಬೀಳಲು ಭಾರೀ ಗಾಳಿ ಬೇಕಿಲ್ಲ, ಹಾಗಾಗಿ ರಾಶಿ ಬಿದ್ದ ಇಟ್ಟಿಗೆ ನೋಡಲು ಭಯಂಕರವಾದರೂ ಶ್ರೇಣಿಗೆ ಅದು ದುರ್ಬಲ ಸಾಕ್ಷಿ.

ಬಯಲಲ್ಲಿ ಸುಂಟರಗಾಳಿ ಎಷ್ಟೇ ಉಗ್ರವಾಗಿದ್ದರೂ ಹೊಡೆಯಲು ಏನೂ ಸಿಗದಿದ್ದರೆ ಶ್ರೇಣಿ ಏರುವುದಿಲ್ಲ. 2013ರ ಮೇ 31ರ ಒಕ್ಲಹೋಮಾದ ಎಲ್ ರೀನೊ ಸುಂಟರಗಾಳಿ 2.6 ಮೈಲಿ ಅಗಲವಿತ್ತು, ಸಂಚಾರಿ ರೇಡಾರ್ ಅದರೊಳಗೆ ಇಎಫ್5 ಮಟ್ಟವನ್ನು ಎಷ್ಟೋ ಮೀರಿದ ಗಾಳಿ ಅಳೆದಿತ್ತು. ಕೊನೆಗೆ ನಿಂತ ಶ್ರೇಣಿ ಇಎಫ್3, ಏಕೆಂದರೆ ಕಟ್ಟಡಗಳು ತೋರಿಸಿದ್ದು ಅಷ್ಟೇ. ಅದೇ ವರ್ಷ ಮೇ 20ರ, ಅದೇ ರಾಜ್ಯದ ಮೂರ್ ಪಟ್ಟಣದ ಇಎಫ್5 ಸುಂಟರಗಾಳಿಯ ನಂತರ ಹನ್ನೆರಡು ವರ್ಷ ಒಂದೂ ಇಎಫ್5 ದಾಖಲಾಗಲಿಲ್ಲ. 2025ರ ಜೂನ್ 20ರಂದು ನಾರ್ತ್ ಡಕೋಟಾದ ಎಂಡರ್ಲಿನ್‌ನಲ್ಲಿ ಗಾಳಿ ರೈಲಿನ ವ್ಯಾಗನ್‌ಗಳನ್ನು ಎತ್ತಿ ಎಸೆದ ಲೆಕ್ಕ ಹಾಕಿ ಅಕ್ಟೋಬರಿನಲ್ಲಿ ಇಎಫ್5ಕ್ಕೆ ಏರಿಸಿದರು. ರೈಲು ವ್ಯಾಗನ್ ಆ 28 ಸೂಚಕಗಳ ಪಟ್ಟಿಯಲ್ಲೇ ಇಲ್ಲ. ಇದನ್ನು ನಾವು ಡ್ಯಾಟ್‌ನ ದೋಷವೆನ್ನುವುದಿಲ್ಲ, ಮಾಪಕದ ಸ್ವಭಾವ. ಆದರೆ ನಕಾಶೆ ತೆರೆದವನಿಗೆ ಅದು ಗೊತ್ತಿರಬೇಕಲ್ಲ.

ದತ್ತಾಂಶ ಇಳಿಸಿಕೊಳ್ಳುವುದು ಈ ಸೇವೆಯ ದೊಡ್ಡ ಲಾಭ. ಶೇಪ್‌ಫೈಲ್ ಅಥವಾ ಕೆಎಂಎಲ್ ಎಂಬ ನಕಾಶೆ ಕಡತ ತೆಗೆದು ಕ್ಯೂಜಿಐಎಸ್ ಎಂಬ ನಕಾಶೆ ತಂತ್ರಾಂಶದಲ್ಲಿ ತೆರೆಯಬಹುದು. ಉದ್ದ ಮೈಲಿಯಲ್ಲಿ, ಅಗಲ ಗಜದಲ್ಲಿ, ವೇಗ ಗಂಟೆಗೆ ಮೈಲಿಯಲ್ಲಿ. ಮೂರನ್ನೂ ಒಂದೇ ಹಾಳೆಯಲ್ಲಿ ಕೂಡಿಸುವ ಮೊದಲು ಬದಲಾಯಿಸಿಕೊಳ್ಳಿ. ದಿನಾಂಕ ಹದಿಮೂರು ಅಂಕಿಯ ಸಂಖ್ಯೆಯಾಗಿ ಬಂದರೆ ಗಾಬರಿ ಬೇಡ. ಅದು 1970ರ ಜನವರಿ 1ರಿಂದ ಎಣಿಸಿದ ಮಿಲಿಸೆಕೆಂಡ್. ಎಕ್ಸೆಲ್‌ನಲ್ಲಿ 86400000ರಿಂದ ಭಾಗಿಸಿ 25569 ಕೂಡಿಸಿದರೆ ಯುಟಿಸಿ ದಿನಾಂಕ ಬರುತ್ತದೆ. ಮೇಫೀಲ್ಡ್‌ನ ಚಳಿಗಾಲದ ಗಡಿಯಾರ ಬೇಕೆಂದರೆ ಅದರಿಂದ 0.25 ಕಳೆಯಿರಿ, ಆರು ಗಂಟೆಯ ವ್ಯತ್ಯಾಸ.

ಇನ್ನೊಂದು ಹೊಂಡ ನಕಾಶೆಯ ಪ್ರಕ್ಷೇಪದ್ದು, ಅಂದರೆ ದುಂಡು ಭೂಮಿಯನ್ನು ಚಪ್ಪಟೆ ನಕಾಶೆಗೆ ಇಳಿಸುವ ವಿಧಾನದ್ದು. ಅಂತರ್ಜಾಲದ ನಕಾಶೆಗಳು ಬಳಸುವ ವೆಬ್ ಮರ್ಕೇಟರ್ ಪ್ರಕ್ಷೇಪದಲ್ಲೇ ಇಟ್ಟುಕೊಂಡು ಗೆರೆಯ ಉದ್ದ ಅಳೆದರೆ 37 ಡಿಗ್ರಿ ಅಕ್ಷಾಂಶದಲ್ಲಿ ಶೇ. 25ರಷ್ಟು ಹೆಚ್ಚು ಬರುತ್ತದೆ. 165.6 ಮೈಲಿಯ ಹಾದಿ ಸುಮಾರು 207 ಆಗಿಬಿಡುತ್ತದೆ. ವಿಸ್ತೀರ್ಣ ಅಳೆದರೆ ಒಂದೂವರೆ ಪಟ್ಟಿಗಿಂತ ಹೆಚ್ಚು. ಕ್ಯೂಜಿಐಎಸ್‌ನ ಫೀಲ್ಡ್ ಕ್ಯಾಲ್ಕುಲೇಟರಿನಲ್ಲಿ ಡಾಲರ್ ಚಿಹ್ನೆಯಿಂದ ಶುರುವಾಗುವ ಉದ್ದದ ಸೂತ್ರ ಭೂಮಿಯ ದುಂಡನ್ನು ಗಣಿಸುತ್ತದೆ, ಚಿಹ್ನೆಯಿಲ್ಲದ ಸೂತ್ರ ಚಪ್ಪಟೆ ಲೆಕ್ಕ ಹಾಕುತ್ತದೆ. ಮೊದಲಿನದನ್ನೇ ಬಳಸಿ.

ಇಲ್ಲಿರುವುದೆಲ್ಲ ಪ್ರಾಥಮಿಕ ಮಾಹಿತಿ, ತಿದ್ದುಪಡಿ ಆಗುತ್ತಲೇ ಇರುತ್ತದೆ. ಇಎಫ್4 ಅಥವಾ ಅದಕ್ಕೂ ಮೇಲಿನ ಅನುಮಾನ ಬಂದರೆ ಸ್ಥಳೀಯ ಕಚೇರಿ ಹೊರಗಿನ ಪರಿಣತರ ತಂಡವನ್ನು ಕೇಳಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಮೇಫೀಲ್ಡ್‌ನ ಹಾದಿ ಮೆಂಫಿಸ್, ಪಡೂಕಾ, ಲೂಯಿವಿಲ್ ಎಂಬ ಮೂರು ಕಚೇರಿಗಳ ಸರಹದ್ದಿನಲ್ಲಿ ಹಾದುಹೋಗಿದೆ, ಬರೆಯುವ ಕೈ ಬದಲಾದಂತೆ ಟಿಪ್ಪಣಿಗಳ ಶೈಲಿಯೂ ಬದಲಾಗುತ್ತದೆ. ಅಂತಿಮ ಲೆಕ್ಕ ಬೇಕಾದವರು ನೋಆದ ಹವಾಮಾನ ದಾಖಲೆಗಳನ್ನು ಕಾಯ್ದಿಡುವ ಎನ್‌ಸಿಇಐ ಸಂಸ್ಥೆಯ ಸ್ಟಾರ್ಮ್ ಇವೆಂಟ್ಸ್ ಡೇಟಾಬೇಸ್‌ಗೆ ಹೋಗಬೇಕು. ಅಲ್ಲಿ 1950ರಿಂದ ಈಚಿನ ಸುಂಟರಗಾಳಿಗಳಿವೆ, ಹೊಸವು ಸೇರಲು ಎರಡು ಮೂರು ತಿಂಗಳು ಬೇಕು. ಅಲ್ಲಿಯೂ ಒಂದು ಮೋಸವಿದೆ: ಒಂದೇ ಸುಂಟರಗಾಳಿಯನ್ನು ಕೌಂಟಿಗೊಂದರಂತೆ ಕತ್ತರಿಸಿ ಸಾಲು ಮಾಡಿರುತ್ತಾರೆ. ಸಾಲುಗಳನ್ನು ಎಣಿಸಿ ‘ಇಷ್ಟು ಸುಂಟರಗಾಳಿ’ ಎಂದು ಬರೆದರೆ ಲೆಕ್ಕ ತಪ್ಪುತ್ತದೆ. ಸಾವಿನ ಸಂಖ್ಯೆಯನ್ನೂ ಹಾಗೆಯೇ ಸಾಲು ಸಾಲು ಕೂಡಿಸಬೇಕು.

ಡಲ್ಲಾಸ್, ಸೇಂಟ್ ಲೂಯಿಸ್ ಕಡೆ ನೆಲೆಸಿದ ಕನ್ನಡಿಗರು ಇದನ್ನು ಪರಿಹಾರದ ಮಹಜರು ಎಂದು ತಿಳಿಯುವುದುಂಟು. ಖಂಡಿತ ಅಲ್ಲ. ಪರಿಹಾರದ ಲೆಕ್ಕ ಬೇರೆ ದಾರಿಯಲ್ಲಿ ನಡೆಯುತ್ತದೆ. ಅಮೆರಿಕ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ ಫೆಮಾದ ಪ್ರಾಥಮಿಕ ಹಾನಿ ಅಂದಾಜಿನಲ್ಲಿ ಮನೆಗಳನ್ನು ಅಫೆಕ್ಟೆಡ್, ಮೈನರ್, ಮೇಜರ್, ಡೆಸ್ಟ್ರಾಯ್ಡ್ ಎಂದು ವಿಂಗಡಿಸುತ್ತಾರೆ, ಗಾಳಿಯ ವೇಗ ಅಲ್ಲಿ ಲೆಕ್ಕಕ್ಕಿಲ್ಲ. ಇಎಫ್1 ಗಾಳಿಗೆ ಬಿದ್ದ ಮರ ಚಾವಣಿಯನ್ನು ಸೀಳಿದರೆ ಆ ಮನೆ ಮೇಜರ್. ಪಕ್ಕದ ಇಎಫ್3 ಪಟ್ಟೆಯೊಳಗೆ ಹೆಂಚು ಹಾರಿ ಉಳಿದದ್ದು ಅಫೆಕ್ಟೆಡ್ ಆಗಿರಬಹುದು. ಕಟ್ಟಡದ ಬಾಗಿಲಿಗೆ ಅಂಟಿಸುವ ಹಸಿರು, ಹಳದಿ, ಕೆಂಪು ಚೀಟಿ ಮೂರನೆಯದೇ ಲೆಕ್ಕ, ಅದು ಒಳಗೆ ಕಾಲಿಡಬಹುದೇ ಬೇಡವೇ ಎಂಬುದಷ್ಟನ್ನೇ ಹೇಳುತ್ತದೆ. ಕೆಂಪು ಚೀಟಿ ಬಿದ್ದ ಮಾತ್ರಕ್ಕೆ ಪೂರ್ತಿ ಪರಿಹಾರ ಬರುವುದಿಲ್ಲ.

ಪರಿಹಾರದ ಮೊತ್ತವೂ ಮನೆ ಕಟ್ಟುವಷ್ಟಿರುವುದಿಲ್ಲ. ಮೇಫೀಲ್ಡ್ ಘಟನೆಯ ಹೊತ್ತಿಗೆ ಫೆಮಾದ ವಸತಿ ನೆರವಿನ ಮಿತಿ ಕುಟುಂಬಕ್ಕೆ 37,900 ಡಾಲರ್. ಮೊದಲು ವಿಮೆ, ವಿಮೆ ಕೊಡದೆ ಬಿಟ್ಟದ್ದಕ್ಕೆ ಮಾತ್ರ ಫೆಮಾ. ಅರ್ಜಿ ತಿರಸ್ಕೃತವಾದರೆ ಅಲ್ಲಿಗೆ ಮುಗಿಯಿತು ಎಂದುಕೊಳ್ಳಬೇಡಿ. ಎಷ್ಟೋ ಸಲ ಬಾಕಿ ಇರುವುದು ವಿಮಾ ಕಂಪನಿಯ ನಿರ್ಧಾರಪತ್ರ ಅಥವಾ ಮನೆ ನಿಮ್ಮದೆಂಬ ದಾಖಲೆ, ಅದನ್ನು 60 ದಿನದೊಳಗೆ ಮೇಲ್ಮನವಿಯ ಜೊತೆ ಕಳಿಸಬೇಕು. ಟಾರ್ಪಾಲು ಹೊದಿಸುವ ಮುನ್ನ ನಾಲ್ಕೂ ದಿಕ್ಕಿನ ಫೋಟೊ ತೆಗೆಯಿರಿ, ಆದರೆ ಟಾರ್ಪಾಲು ಹೊದಿಸದೆ ಬಿಡಬೇಡಿ. ಆಮೇಲೆ ಮಳೆ ನುಗ್ಗಿ ಆದ ಹಾನಿಯನ್ನು ವಿಮಾ ಕಂಪನಿ ನಿಮ್ಮ ತಲೆಗೇ ಕಟ್ಟುತ್ತದೆ. ಟಾರ್ಪಾಲಿನ ರಸೀತಿ ಜೋಪಾನ. ಚೇತರಿಕೆ ಎಲ್ಲಿಗೆ ಬಂತು ಎಂದು ಅಧ್ಯಯನ ಮಾಡುವವರು ಫೆಮಾದ ಮುಕ್ತ ದತ್ತಾಂಶ ತಾಣ ಓಪನ್‌ಫೆಮಾದಲ್ಲಿ ಪಿನ್‌ಕೋಡ್‌ವಾರು ನೆರವಿನ ದತ್ತಾಂಶ ತೆಗೆದು ಡ್ಯಾಟ್‌ನ ಬಹುಭುಜದ ಮೇಲೆ ಹಾಕಬಹುದು. ಬಹುಭುಜಕ್ಕೆ ನಿಜವಾದ ಉಪಯೋಗ ಅಲ್ಲಿದೆ.

ಮರುನಿರ್ಮಾಣಕ್ಕೆ ಡ್ಯಾಟ್ ಕಲಿಸುವುದು ಬಹಳ. ಅದಕ್ಕೆ ಹಾದಿಯ ನಡುವಿನ ಗುಡಿಸಿಹೋದ ಮನೆಗಳನ್ನು ಬಿಟ್ಟು ಅಂಚಿನಲ್ಲಿರುವ 4 ಮತ್ತು 6ನೇ ಮಟ್ಟದ ಚುಕ್ಕೆಗಳನ್ನು ನೋಡಿ. ಫೋಟೊಗಳಲ್ಲಿ ಮತ್ತೆ ಮತ್ತೆ ಕಾಣುವುದು ಒಳಕ್ಕೆ ಮಡಚಿಬಿದ್ದ ಗ್ಯಾರೇಜ್ ಬಾಗಿಲು. ಬಾಗಿಲು ಬಿದ್ದೊಡನೆ ಗಾಳಿ ಒಳನುಗ್ಗಿ ಚಾವಣಿಯನ್ನು ಕೆಳಗಿನಿಂದ ತಳ್ಳುತ್ತದೆ, ಹೊರಗಿನ ಗಾಳಿ ಮೇಲಿನಿಂದ ಎಳೆಯುತ್ತದೆ, ಚಾವಣಿ ಹೋದ ಮೇಲೆ ಗೋಡೆಗೆ ಆಸರೆಯಿಲ್ಲ. ಮೂರ್ ಪಟ್ಟಣ 2014ರಲ್ಲಿ ತಂದ ಕಟ್ಟಡ ನಿಯಮ ಗುರಿಯಿಟ್ಟದ್ದು ಇದಕ್ಕೇ: 135 ಮೈಲಿ ಗಾಳಿ ತಡೆಯುವ ಗ್ಯಾರೇಜ್ ಬಾಗಿಲು, ಚಾವಣಿ ತೊಲೆಗಳನ್ನು ಗೋಡೆಗೆ ಬಿಗಿಯುವ ಲೋಹದ ಹರಿಕೇನ್ ಕ್ಲಿಪ್, ಹಲಗೆಗೆ ನುಣುಪು ಮೊಳೆಯ ಬದಲು ಉಂಗುರಗೆರೆಯ ಮೊಳೆ, ಅದೂ ಒತ್ತೊತ್ತಾಗಿ. ಇಎಫ್4ರ ನಡುವೆ ಸಿಕ್ಕ ಮನೆಯನ್ನು ಇದು ಉಳಿಸದು. ಆದರೆ ಯಾವುದೇ ದೊಡ್ಡ ಸುಂಟರಗಾಳಿಯ ಹರವಿನಲ್ಲಿ ಬಹುಪಾಲು ಜಾಗ ಇಎಫ್0ರಿಂದ ಇಎಫ್2, ಲಾಭ ಅಲ್ಲಿ. 2011ರ ಮೇ 22ರಂದು ಮಿಸೌರಿಯ ಜಾಪ್ಲಿನ್‌ನಲ್ಲಿ ಆದ ಸುಂಟರಗಾಳಿ ದುರಂತದ ತನಿಖೆಯ ಫಲವಾಗಿ ಅಮೆರಿಕದ ಸಿವಿಲ್ ಎಂಜಿನಿಯರುಗಳ ಸಂಘದ ಎಎಸ್‌ಸಿಇ 7-22 ಎಂಬ ಕಟ್ಟಡ ಮಾನದಂಡಕ್ಕೆ ಸುಂಟರಗಾಳಿ ಭಾರದ ಅಧ್ಯಾಯ ಸೇರಿತು. ಅದು ಆಸ್ಪತ್ರೆ, ಶಾಲೆಯಂಥ ಮುಖ್ಯ ಕಟ್ಟಡಗಳಿಗೆ, ವಾಸದ ಮನೆಗಲ್ಲ.

ಫೋನಿನಲ್ಲಿ ತೆರೆಯುವ ಗೋಜಿಗೆ ಹೋಗಬೇಡಿ, ಚುಕ್ಕೆ ಒತ್ತಿದರೆ ಕಿಟಕಿ ನಕಾಶೆಯನ್ನೇ ಮುಚ್ಚುತ್ತದೆ. ಉಪಗ್ರಹ ಚಿತ್ರದ ಪದರ ಕಾಡಿನಲ್ಲಿ ಗಾಳಿ ಉಳಿಸಿದ ಗೀರನ್ನು ಚೆನ್ನಾಗಿ ತೋರಿಸುತ್ತದೆ, ಏಪ್ರಿಲ್-ಮೇ ಘಟನೆಗಳಿಗೆ ಬಹಳ ಉಪಯೋಗ. ಡಿಸೆಂಬರಿನಲ್ಲಿ ಮರಗಳು ಮೊದಲೇ ಬೋಳಾಗಿರುವುದರಿಂದ ಮೇಫೀಲ್ಡ್‌ಗೆ ಅಷ್ಟು ಸಹಾಯವಾಗದು. ವಿಮೆಯ ವ್ಯಾಜ್ಯ ಕೋರ್ಟಿನ ಮೆಟ್ಟಿಲೇರಿದರೆ ಡ್ಯಾಟ್‌ನ ಸ್ಕ್ರೀನ್‌ಶಾಟ್ ನೆಚ್ಚಿಕೊಳ್ಳಬೇಡಿ, ಎನ್‌ಸಿಇಐಯಿಂದ ದೃಢೀಕರಿಸಿದ ಪ್ರತಿಯನ್ನು ಶುಲ್ಕ ಕಟ್ಟಿ ತರಿಸಿಕೊಳ್ಳಿ.